ಜೋಳದ ಪಾೞಿ ಮತ್ತು ಬಾಳ್ಗಚ್ಚು: ಕರ್ನಾಟಕದ ಸೈನಿಕನ ‘ಜೀವಿತ’ದ ಚರಿತ್ರೆ

ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣನು ತನ್ನ ಜನ್ಮವೃತ್ತಾಂತವನ್ನು ತಿಳಿದ ಮೇಲೂ ದುರ್ಯೋಧನನ ಪಕ್ಷವನ್ನು ತೊರೆಯಲು ಒಪ್ಪುವುದಿಲ್ಲ. ಬಳಿಗೆ ಬಂದ ತಾಯಿ ಕುಂತಿಗೆ ಅವನು ಕೊಡುವ ಕಾರಣಗಳಲ್ಲಿ ‘ಜೋಳದ ಪಾೞಿ’ಯೂ ಒಂದು. ಸಾಹಿತ್ಯದ ತರಗತಿಗಳಲ್ಲಿ ಈ ಪದಕ್ಕೆ ‘ಸ್ವಾಮಿನಿಷ್ಠೆ’ ಎಂದು ಅರ್ಥ ಹೇಳಿ ಮುಂದಕ್ಕೆ ಸಾಗುವುದು ರೂಢಿ. ಅರ್ಥವೇನೋ ತಪ್ಪಲ್ಲ. ಆದರೆ ‘ಪಾೞಿ’ ಎಂದರೆ ಕ್ರಮ, ಕರ್ತವ್ಯ, ಧರ್ಮ. ‘ಜೋಳ’ ಎಂದರೆ ಜೋಳವೇ. ಉಂಡ ಧಾನ್ಯದ ಋಣವನ್ನು ತೀರಿಸುವ ಧರ್ಮ ಎಂಬುದು ಪದದ ನೇರ ಅರ್ಥ. ಒಂದು ಸಮಾಜವು ತನ್ನ ಅತ್ಯುನ್ನತ ವೀರಮೌಲ್ಯಗಳಲ್ಲಿ ಒಂದಕ್ಕೆ ಹೆಸರನ್ನು ಆರಿಸಿಕೊಳ್ಳುವಾಗ ದೇವರ ಕಡೆಗಾಗಲಿ ಕುಲದ ಕಡೆಗಾಗಲಿ ನೋಡದೆ ಕಣಜದ ಕಡೆಗೆ ನೋಡಿದೆ ಎಂಬ ಸಂಗತಿ ಗಂಭೀರವಾದ ವಿಚಾರಕ್ಕೆ ಯೋಗ್ಯವಾದುದು.

ಈ ಹೆಸರಿನ ಹಿಂದೆ ಒಂದು ಆರ್ಥಿಕ ವ್ಯವಸ್ಥೆ ಇದೆ. ಪ್ರಾಚೀನ ಮತ್ತು ಮಧ್ಯಕಾಲೀನ ಕರ್ನಾಟಕದ ಪ್ರತಿಯೊಂದು ಅರಸೊತ್ತಿಗೆಯೂ ಮೂರು ಪ್ರಶ್ನೆಗಳನ್ನು ಎದುರಿಸಿತು. ಯುದ್ಧಕ್ಕೆ ಜನರನ್ನು ಎಲ್ಲಿಂದ ಕೂಡಿಸುವುದು? ಅವರಿಗೆ ಏನನ್ನು ಕೊಡುವುದು? ಕೊಟ್ಟ ಮೇಲೆ ಅವರು ಶತ್ರುವಿನ ಕಡೆಗೆ ಹೋಗದಂತೆ, ಸೋಲು ಎದುರಾದಾಗ ಓಡಿಹೋಗದಂತೆ ಹಿಡಿದಿಡುವುದು ಹೇಗೆ? ಕನ್ನಡ ಕಾವ್ಯಗಳು ಮೂರನೆಯ ಪ್ರಶ್ನೆಗೆ ಮನಮುಟ್ಟುವ ಉತ್ತರಗಳನ್ನು ಕೊಟ್ಟಿವೆ. ಮೊದಲೆರಡು ಪ್ರಶ್ನೆಗಳ ಉತ್ತರ ಇರುವುದು ಶಾಸನಗಳಲ್ಲಿ, ಅದರಲ್ಲಿಯೂ ವೀರಗಲ್ಲುಗಳ ಕೊನೆಯ ಸಾಲುಗಳಲ್ಲಿ. ಎರಡನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಜೋಳದ ಪಾೞಿಯ ಪೂರ್ಣ ಚಿತ್ರ ದೊರೆಯುತ್ತದೆ.

ಮೊದಲಿಗೆ ಪರಿಭಾಷೆಯನ್ನು ಗಮನಿಸಬಹುದು. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಪದಗಳನ್ನು ಶಾಸನಾಧಾರಗಳೊಡನೆ ಬಿಡಿಸಿ ತೋರಿಸಿದ್ದಾರೆ. ಜೋಳವಾಳಿಯವನು ಒಡೆಯನ ಅನ್ನವನ್ನುಂಡು ಅದಕ್ಕೆ ಪ್ರತಿಯಾಗಿ ಕಾದುವವನು. ವೇಳೆವಾಳಿಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಡೆಯನಿಗೆ ಆಪತ್ತಿನ ‘ವೇಳೆ’ ಬಂದಾಗ ಪ್ರಾಣ ಕೊಡುವುದಾಗಿ ಮೊದಲೇ ಭಾಷೆ ಮಾಡಿದವನು. ಲೆಂಕನು ಒಡೆಯನ ಆಪ್ತಸೇವಕ. ಒಡೆಯನ ಬದುಕಿನೊಡನೆ ತನ್ನ ಬದುಕನ್ನು ಬೆಸೆದುಕೊಂಡವನು. ಇವುಗಳನ್ನು ನಿಷ್ಠೆಯ ಹಂತಗಳೆಂದು ಹೇಳುವುದುಂಟು. ಆರ್ಥಿಕ ದೃಷ್ಟಿಯಿಂದ ನೋಡಿದರೆ ಇವು ಕರಾರಿನ ಹಂತಗಳೂ ಹೌದು. ಸೈನಿಕನು ಹೊರುವ ಅಪಾಯ ಹೆಚ್ಚಿದಂತೆ ಒಡೆಯನ ಮನೆಯಲ್ಲಿ ಅವನ ಸ್ಥಾನವೂ ಅವನಿಗೆ ಸಲ್ಲುವ ಪ್ರತಿಫಲವೂ ಹೆಚ್ಚುತ್ತವೆ.

ಸೈನಿಕರ ಸೇರ್ಪಡೆಯು ಬಹುಮಟ್ಟಿಗೆ ಮನೆಯ ಮೂಲಕವೇ ನಡೆಯುತ್ತಿತ್ತು. ‘ಮನೆಮಗ’ ಎಂಬ ಪದ ಶಾಸನಗಳಲ್ಲಿ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಮಾತ್ರ ಸಲ್ಲುವುದಿಲ್ಲ. ಒಡೆಯನ ಮನೆಯಲ್ಲಿ ಉಂಡು ಬೆಳೆದ ಭಟನಿಗೂ ಸಲ್ಲುತ್ತದೆ. ಗದ್ಯಾಣ, ಪಣ, ಹಾಗಗಳಂಥ ನಾಣ್ಯಗಳು ಚಲಾವಣೆಯಲ್ಲಿದ್ದರೂ ಭೂಕಂದಾಯದ ದೊಡ್ಡ ಪಾಲು ಧಾನ್ಯರೂಪದಲ್ಲಿ ಬರುತ್ತಿದ್ದ ಕಾಲದಲ್ಲಿ, ನಾಯಕನೊಬ್ಬನು ಆಳುಗಳನ್ನು ಸಾಕಲು ಸುಲಭವಾದ ದಾರಿ ಎಂದರೆ ತನ್ನ ಅಡುಗೆಮನೆ ಮತ್ತು ಕಣಜಗಳೇ. ಧಾನ್ಯವನ್ನು ದೂರಕ್ಕೆ ಸಾಗಿಸುವುದು ಕಷ್ಟ; ಬಹುಕಾಲ ಕೂಡಿಡುವುದೂ ಕಷ್ಟ. ಅದನ್ನು ಬೆಳೆದ ಸೀಮೆಯಲ್ಲಿಯೇ ತಿನ್ನುವ ಬಾಯಿಗಳಾಗಿ ಪರಿವರ್ತಿಸಿಕೊಳ್ಳುವುದೇ ಲಾಭದಾಯಕ. ಹೀಗೆ ಸೈನ್ಯವು ಒಂದೇ ರಾಜಧಾನಿಯಲ್ಲಿ ನೆಲೆಗೊಳ್ಳದೆ ಸಾಮಂತರ, ಗಾವುಂಡರ, ನಾಯಕರ ಮನೆಗಳಲ್ಲಿ ಹರಡಿಕೊಂಡಿತು. ಯುದ್ಧ ಬಂದಾಗ ಅರಸನು ಕರೆಯುತ್ತಿದ್ದುದು ಈ ಮನೆಗಳನ್ನು.

ಅನ್ನದಿಂದ ಆಳನ್ನು ಸಾಕಬಹುದು. ಆದರೆ ಸತ್ತವನ ಹೆಂಡತಿ ಮಕ್ಕಳನ್ನು ಸಾಕುವುದಕ್ಕೆ, ನೂರು ಆಳುಗಳ ನಾಯಕನನ್ನು ತೃಪ್ತಿಪಡಿಸುವುದಕ್ಕೆ ಅನ್ನ ಸಾಲದು. ಅಲ್ಲಿ ಭೂಮಿ ಬರುತ್ತದೆ. ಇದಕ್ಕೆ ಬೇಗೂರಿನ ಪ್ರಸಿದ್ಧ ವೀರಗಲ್ಲಿಗಿಂತ ಉತ್ತಮ ಸಾಕ್ಷ್ಯ ಬೇಕಿಲ್ಲ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 900ರ ಕಾಲದ ಈ ಕಲ್ಲು ಗಂಗ ದೊರೆ ಎರೆಯಪ್ಪನ ಕಾಲದ್ದು. ವೀರಮಹೇಂದ್ರನೊಡನೆ ಹೋರಾಡುತ್ತಿದ್ದ ಅಯ್ಯಪದೇವನ ನೆರವಿಗೆ ಎರೆಯಪ್ಪನು ನಾಗತ್ತರನನ್ನು ಸಾಮಂತರ ಸಮೇತ ಕಳುಹಿಸುತ್ತಾನೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಸಾಯುತ್ತಾನೆ. ಸುದ್ದಿ ಕೇಳಿದ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ‘ಕಲ್ನಾಡಾಗಿ’ ಕೊಡುತ್ತಾನೆ. ಬೆಂಪೂರು ಎಂದರೆ ಇಂದಿನ ಬೇಗೂರು. ಶಾಸನವು ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಎಣಿಸುತ್ತದೆ.

ಕಲ್ಲಿನ ಮೇಲಿರುವ ಯುದ್ಧದ ಕೆತ್ತನೆ ಕಲೆಯ ಚರಿತ್ರೆಯಲ್ಲಿ ಹೆಸರುವಾಸಿ. ಆದರೆ ಬರಹವು ಮುಖ್ಯವಾಗಿ ಮಾಡುವ ಕೆಲಸ ದಸ್ತಾವೇಜಿನದು. ನಾಯಕ ಸತ್ತರೂ ಅವನ ಹುದ್ದೆ ಸಾಯುವುದಿಲ್ಲ. ಅದು ಮತ್ತೊಬ್ಬನಿಗೆ ಸಲ್ಲುತ್ತದೆ. ಹುದ್ದೆಯ ಜೊತೆಗೆ ಆದಾಯದ ಮೂಲವೂ ಸಲ್ಲುತ್ತದೆ. ಹಳ್ಳಿಗಳ ಹೆಸರು ಕಲ್ಲಿನ ಮೇಲೆ ಇರುವುದರಿಂದ ಮುಂದೆ ಬರುವ ಅರಸನಾಗಲಿ ಅಧಿಕಾರಿಯಾಗಲಿ ‘ಹಾಗೆ ಕೊಟ್ಟದ್ದೇ ಇಲ್ಲ’ ಎನ್ನುವಂತಿಲ್ಲ. ಇನ್ನೂ ಒಂದು ಪರಿಣಾಮವನ್ನು ಊಹಿಸುವುದು ಅಸಾಧುವಲ್ಲ. ಆ ಕಲ್ಲನ್ನು ನೋಡಿದ ಸುತ್ತಲಿನ ಊರುಗಳ ಯುವಕನಿಗೆ ಅದು ಹೇಳುವ ಮಾತು ಸ್ಪಷ್ಟವಾಗಿದೆ: ಈ ಅರಸನಿಗಾಗಿ ಸತ್ತವರ ಸ್ಥಾನ ಹಾಳಾಗುವುದಿಲ್ಲ. ಸತ್ತವನ ಸ್ಮಾರಕವು ಬದುಕಿರುವವರನ್ನು ಸೈನ್ಯಕ್ಕೆ ಕರೆಯುವ ಸಾಧನವೂ ಆಗಿತ್ತು.

ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನು ಈ ಬೆಳಕಿನಲ್ಲಿ ನೋಡಬೇಕು. ಕೊಟ್ಟುದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತದೆ ಎಂಬ ಮಾತು ಓದುಗರಿಗೆ ಬರಿಯ ಸಂಪ್ರದಾಯವಾಗಿ ಕಾಣಬಹುದು. ಆದರೆ ಅರಸನ ಮಾತನ್ನು ಅರಸನ ಮೇಲೆಯೇ ಜಾರಿಗೊಳಿಸುವ ನ್ಯಾಯಾಲಯ ಇಲ್ಲದಿದ್ದ ಕಾಲ ಅದು. ಸೈನಿಕನು ಪ್ರಾಣವನ್ನು ಇಂದು ಕೊಡುತ್ತಾನೆ; ಪ್ರತಿಫಲವು ಅವನ ಮನೆಗೆ ನಾಳೆ, ಅವನಿಲ್ಲದಾಗ, ಬರಬೇಕು. ಇಂಥ ವ್ಯವಹಾರದಲ್ಲಿ ನಂಬಿಕೆಯೇ ಬಂಡವಾಳ. ಕಲ್ಲು, ಸಾಕ್ಷಿಗಳ ಹೆಸರು, ದೇವಾಲಯದ ಸಾನ್ನಿಧ್ಯ, ಪಾಪದ ಭಯ ಇವೆಲ್ಲವೂ ಆ ನಂಬಿಕೆಗೆ ಕೊಟ್ಟ ಜಾಮೀನುಗಳು.

ಈ ವ್ಯವಹಾರ ಅರಸನ ಮಟ್ಟಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬಹುಸಂಖ್ಯೆಯವು ತುರುಗೋಳಿಗೆ, ಊರಳಿವಿಗೆ, ಗಡಿಜಗಳಕ್ಕೆ ಸಂಬಂಧಿಸಿದವು. ಕಳ್ಳರು ಹಿಡಿದ ದನಗಳನ್ನು ಬಿಡಿಸಿ ಸತ್ತವನು ಯಾವ ಸಾಮ್ರಾಜ್ಯಕ್ಕಾಗಿಯೂ ಸತ್ತವನಲ್ಲ. ಊರಿನ ಹೈನು, ಉಳುಮೆ, ಗೊಬ್ಬರಗಳಿಗಾಗಿ ಸತ್ತವನು. ದನಗಳೆಂದರೆ ಕೃಷಿಯ ಮೂಲಧನ. ಅವನ ಮನೆಗೆ ಊರವರೋ ಗಾವುಂಡರೋ ಸ್ಥಳೀಯ ನಾಯಕನೋ ಹೊಲಗದ್ದೆಗಳನ್ನು ಬಿಟ್ಟುಕೊಡುತ್ತಿದ್ದರು. ಇಂಥ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರುಂಟು. ಹೆಸರಿನಲ್ಲಿ ಅಲಂಕಾರವಿಲ್ಲ, ನೆತ್ತರಿಗೆ ಕೊಟ್ಟ ಕೊಡುಗೆ. ಆ ಹೊಲವನ್ನು ಉತ್ತು ಮಕ್ಕಳನ್ನು ಬೆಳೆಸಿದವಳು ಸತ್ತವನ ಹೆಂಡತಿ. ಕಲ್ಲಿನ ಮೇಲ್ಪಟ್ಟಿಕೆಯಲ್ಲಿ ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು ಇರುತ್ತಾರೆ. ಕೊಡಗೆಯ ಹೊಲದಲ್ಲಿ ದುಡಿಯುವ ವಿಧವೆಯ ಚಿತ್ರವನ್ನು ಶಿಲ್ಪಿ ಕೆತ್ತುವುದಿಲ್ಲ.

ಭೂಮಿಯನ್ನು ಸಂಬಳವಾಗಿ ಕೊಡುವ ಪದ್ಧತಿ ಮೇಲಿನಿಂದ ಕೆಳಗಿನವರೆಗೆ ಹೇಗೆ ಹರಿಯುತ್ತಿತ್ತೆಂಬುದನ್ನು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ತೋರಿಸುತ್ತದೆ. 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಕಾದಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳು ಸಂದವು. ಬೂತುಗನು ತನ್ನ ಕಡೆಯ ವೀರ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ‘ಬಾಳ್ಗಚ್ಚು’ ಆಗಿ ಕೊಟ್ಟನು. ಬಾಳ್ಗಚ್ಚು ಎಂದರೆ ಕತ್ತಿ ತೊಳೆಯುವುದು. ನೆತ್ತರು ಹತ್ತಿದ ಕತ್ತಿಯನ್ನು ತೊಳೆದು ಕೊಡುವ ಮನ್ನಣೆ. ಚಕ್ರವರ್ತಿ ನಾಡುಗಳನ್ನು ಕೊಡುತ್ತಾನೆ, ಮಾಂಡಲಿಕ ಹಳ್ಳಿಗಳನ್ನು ಕೊಡುತ್ತಾನೆ, ಮಣಲೆರನಂಥವನು ತನ್ನ ಆಳುಗಳಿಗೆ ಅನ್ನವನ್ನೂ ಹೊಲವನ್ನೂ ಕೊಡುತ್ತಾನೆ. ಬೇಡಿದುದನ್ನು ಕೊಡುವೆನೆಂದಾಗ ಮಣಲೆರನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನೆಂದೂ, ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಂತಿತೆಂದೂ ಅದೇ ಶಾಸನ ಹೇಳುತ್ತದೆ. ಜನ ನೆನಪಿಟ್ಟುಕೊಂಡದ್ದು ನಾಯಿಯ ಕಥೆಯನ್ನು; ಸೈನ್ಯದ ಚರಿತ್ರೆಗೆ ಮುಖ್ಯವಾದುದು ಹಳ್ಳಿಗಳ ಪಟ್ಟಿ.

ಸೈನ್ಯಾಧಿಕಾರಿಗೆ ಬಂದ ಭೂಮಿಯು ಅವನ ಮನೆಯಲ್ಲಿಯೇ ಉಳಿಯುತ್ತಿತ್ತೆಂದೂ ಹೇಳಲಾಗದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕಣ್ಣೆಗಾಲದಲ್ಲಿ ಚಾಳುಕ್ಯರ ಪಡೆಯನ್ನು ಸೋಲಿಸಿದಾಗ ಅರಸನು ಮೆಚ್ಚಿ ಬೇಕಾದುದನ್ನು ಕೇಳೆಂದನು. ಗಂಗರಾಜನು ಪರಮ ಎಂಬ ಗ್ರಾಮವನ್ನು ಪಡೆದು, ತಾಯಿ ಪೋಚಲದೇವಿಯೂ ಹೆಂಡತಿ ಲಕ್ಷ್ಮೀದೇವಿಯೂ ಮಾಡಿಸಿದ ಬಸದಿಗಳಿಗೆ ಅದನ್ನು ಬಿಟ್ಟುಕೊಟ್ಟನೆಂದು 1118ರ ಶ್ರವಣಬೆಳ್ಗೊಳದ ಶಾಸನ ತಿಳಿಸುತ್ತದೆ. ತಲಕಾಡಿನ ವಿಜಯದ ಸಂದರ್ಭದಲ್ಲಿ ಪಡೆದ ಗೋವಿಂದವಾಡಿಯನ್ನು ಅವನು ಗೊಮ್ಮಟದೇವರ ಪೂಜೆಗೆ ಕೊಟ್ಟನು. ಇದರಲ್ಲಿ ಧರ್ಮಶ್ರದ್ಧೆ ಪ್ರಧಾನವೆಂಬುದು ನಿರ್ವಿವಾದ. ಅದರ ಆರ್ಥಿಕ ಫಲವೂ ಗಮನಾರ್ಹ. ಸೇವೆಗಾಗಿ ಬಂದ ಭೂಮಿ ಅರಸನ ಅನುಗ್ರಹ ತಪ್ಪಿದಾಗ ಕೈಬಿಡಬಹುದು. ಬಸದಿಗೆ ಸೇರಿದ ಭೂಮಿ ಸುಲಭವಾಗಿ ಕೈಬಿಡದು. ದಂಡನಾಯಕನಿಗೆ ಸಿಕ್ಕ ಅಸ್ಥಿರವಾದ ಪ್ರತಿಫಲವು ಸ್ಥಿರವಾದ ಪುಣ್ಯವಾಗಿಯೂ ಕೀರ್ತಿಯಾಗಿಯೂ ಪರಿವರ್ತನೆ ಹೊಂದಿತು. ಬೆಳ್ಗೊಳದ ಶಿಲ್ಪವೈಭವದ ಒಂದು ಭಾಗವು ಹೀಗೆ ಯುದ್ಧದ ಸಂಬಳದಿಂದ ರೂಪುಗೊಂಡಿದೆ.

ಭೂಮಿಯ ಸಂಬಳಕ್ಕೆ ಒಂದು ದೊಡ್ಡ ದೋಷವಿತ್ತು. ಅದು ಸೈನಿಕನನ್ನು ನೆಲಕ್ಕೆ ಕಟ್ಟುತ್ತದೆ. ಅರಸನಿಗೆ ಕಟ್ಟುತ್ತದೆಯೇ ಎಂಬುದು ಬೇರೆ ಮಾತು. ಇದಕ್ಕೆ ರಾಷ್ಟ್ರಕೂಟರ ಅಂತ್ಯಕ್ಕಿಂತ ಕಠೋರವಾದ ನಿದರ್ಶನವಿಲ್ಲ. ಬಿಜಾಪುರ ಸೀಮೆಯ ನರಸಲಗಿಯ 965ರ ಶಾಸನದಲ್ಲಿ, ಮುಮ್ಮಡಿ ಕೃಷ್ಣನ ಕೈಕೆಳಗೆ ಮಹಾಸಾಮಂತನಾಗಿದ್ದ ಚಾಳುಕ್ಯ ತೈಲಪನು ತರ್ದವಾಡಿ ಸಾವಿರವನ್ನು ‘ಅಣುಗಜೀವಿತ’ವಾಗಿ ಪಡೆದಿದ್ದನೆಂಬ ಉಲ್ಲೇಖವಿದೆ. ಪ್ರೀತಿಪಾತ್ರನ ಜೀವನಕ್ಕೆಂದು ಕೊಟ್ಟ ಸೀಮೆ ಎಂದು ಅದರ ಅರ್ಥ. ಆ ಸೀಮೆಯ ಕಂದಾಯದಿಂದ ತೈಲಪನು ಸಾಕಿದ ಆಳುಗಳ ಹೊಟ್ಟೆಯಲ್ಲಿದ್ದ ಜೋಳ ಚಕ್ರವರ್ತಿಯದಾಗಿರಲಿಲ್ಲ, ತೈಲಪನದಾಗಿತ್ತು. ಎಂಟು ವರ್ಷಗಳ ಬಳಿಕ, 973ರಲ್ಲಿ, ಕೃಷ್ಣನ ಉತ್ತರಾಧಿಕಾರಿಗಳು ದುರ್ಬಲರಾದಾಗ, ಅದೇ ತೈಲಪನು ರಾಷ್ಟ್ರಕೂಟರನ್ನು ಕೆಡವಿ ಕಲ್ಯಾಣದ ಚಾಳುಕ್ಯ ರಾಜ್ಯವನ್ನು ಸ್ಥಾಪಿಸಿದನು. ಜೋಳವಾಳಿಯ ನಿಯಮವನ್ನು ತೈಲಪನ ಭಟರು ಮುರಿಯಲಿಲ್ಲ. ತಮಗೆ ಉಣಬಡಿಸಿದ ಕೈಗೆ ಅವರು ನಿಷ್ಠರಾಗಿಯೇ ಇದ್ದರು. ಚಕ್ರವರ್ತಿಗೂ ಭಟನಿಗೂ ನಡುವೆ ಇನ್ನೊಂದು ಕೈ ಬಂದಿತ್ತು, ಅಷ್ಟೆ.

ಪಂಪನ ಸ್ಥಿತಿಯನ್ನೂ ಈ ಹಿನ್ನೆಲೆಯಲ್ಲಿ ನೆನೆಯಬಹುದು. ಅವನ ಆಶ್ರಯದಾತ ಅರಿಕೇಸರಿಯೂ ರಾಷ್ಟ್ರಕೂಟರ ಮಾಂಡಲಿಕನೇ. ಕವಿಯೂ ಕಲಿಯೂ ಆಗಿದ್ದ ಪಂಪನಿಗೆ ಅರಿಕೇಸರಿಯಿಂದ ದೊರೆತದ್ದು ಬಚ್ಚೆಸಾಸಿರದ ಧರ್ಮವುರವೆಂಬ ಅಗ್ರಹಾರ. ಜೋಳದ ಪಾೞಿಯನ್ನು ಕರ್ಣನ ಬಾಯಲ್ಲಿ ಆಡಿಸಿದ ಕವಿ ಆ ಪಾೞಿಯ ಹೊರಗೆ ನಿಂತು ಬರೆದವನಲ್ಲ. ಕರ್ಣನ ಕಥೆಯಲ್ಲಿಯೂ ಅಂಗರಾಜ್ಯವೇ ಮೊದಲ ಕೊಡುಗೆ ಎಂಬುದನ್ನು ಮರೆಯಬಾರದು. ಆದರೆ ಅಂಗರಾಜ್ಯವನ್ನು ಪಡೆದವನು ತೈಲಪನಂತೆ ನಡೆದುಕೊಳ್ಳಲು ಎಲ್ಲ ಕಾರಣಗಳೂ ಇದ್ದಾಗ, ಕೃಷ್ಣನೇ ಬಂದು ಇನ್ನೂ ದೊಡ್ಡ ರಾಜ್ಯವನ್ನು ಮುಂದಿಟ್ಟಾಗ, ಅವನು ಹಾಗೆ ಮಾಡಲಿಲ್ಲ. ಮಾಂಡಲಿಕರ ನಿಷ್ಠೆಯನ್ನು ನಂಬಿ ನಿಂತಿದ್ದ ಕಾಲದ ಕೇಳುಗರಿಗೆ ಕರ್ಣನ ನಿರಾಕರಣೆ ಎಷ್ಟು ಬೆಲೆಯುಳ್ಳದ್ದಾಗಿ ಕೇಳಿಸಿರಬೇಕು ಎಂಬುದನ್ನು ಈ ಚರಿತ್ರೆ ತಿಳಿದವರು ಗ್ರಹಿಸಬಲ್ಲರು. ಸುಲಭವಾಗಿ ದೊರೆಯುವ ಗುಣವನ್ನು ಕಾವ್ಯಗಳು ಅಷ್ಟು ಎತ್ತರದಲ್ಲಿ ಹಾಡುವುದಿಲ್ಲ.

ನಡುವಿನ ಕೈಯನ್ನು ತಪ್ಪಿಸುವ ಪ್ರಯತ್ನವೂ ನಡೆಯಿತು. ಹೊಯ್ಸಳರ ಗರುಡ ಪದ್ಧತಿ ಅಂಥದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಸ್ತಂಭಶಾಸನವು ಇಮ್ಮಡಿ ಬಲ್ಲಾಳನ ದಂಡೇಶ ಕುವರ ಲಕ್ಷ್ಮನ ಬಲಿದಾನವನ್ನು ದಾಖಲಿಸುತ್ತದೆ. ಅರಸನು ಅವನನ್ನು ಮಗನಂತೆ ಕಂಡಿದ್ದನು. 1220ರ ಸುಮಾರಿಗೆ ಬಲ್ಲಾಳನು ಸತ್ತಾಗ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಸಾವಿರ ವೀರರೂ ಅವನೊಡನೆ ಪ್ರಾಣ ಬಿಟ್ಟರೆಂದು ಶಾಸನ ಹೇಳುತ್ತದೆ. ಸ್ತಂಭದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಶಿಲ್ಪಗಳಿವೆ. ಈ ಭೀಕರ ವ್ರತದಲ್ಲಿ ಒಂದು ತರ್ಕವಿದೆ. ಅರಸನ ಸಾವಿನಿಂದ ಅಂಗರಕ್ಷಕನಿಗೆ ಲಾಭವಾಗುವಂತಿದ್ದರೆ ಅವನನ್ನು ಶತ್ರು ಕೊಂಡುಕೊಳ್ಳಬಹುದು. ಅರಸನೊಡನೆ ಸಾಯಲೇಬೇಕಾದವನನ್ನು ಯಾವ ಬೆಲೆಗೂ ಕೊಳ್ಳಲಾಗದು. ಬದುಕಿರುವಷ್ಟು ದಿನ ಮಗನ ಮನ್ನಣೆ, ಅರಸನ ಉಸಿರು ನಿಂತ ದಿನ ತನ್ನ ಉಸಿರಿನ ಅಂತ್ಯ, ಕರಾರು ಇಷ್ಟೇ. ಆದರೆ ಇಂಥ ಕರಾರಿನಿಂದ ಅಂಗರಕ್ಷಕರ ಪಡೆಯನ್ನು ಕಟ್ಟಬಹುದೇ ಹೊರತು ಲಕ್ಷಗಟ್ಟಲೆ ಸೈನ್ಯವನ್ನು ಕಟ್ಟಲಾಗದು.

ಲಕ್ಷಗಟ್ಟಲೆ ಸೈನ್ಯದ ಪ್ರಶ್ನೆ ವಿಜಯನಗರದ ಕಾಲಕ್ಕೆ ತೀವ್ರವಾಯಿತು. ಬಹಮನಿ ಸುಲ್ತಾನರ ಅಶ್ವಬಲ ಮತ್ತು ಕುದುರೆಯ ಮೇಲಿನ ಬಿಲ್ಲುಗಾರಿಕೆ ಯುದ್ಧದ ಸ್ವರೂಪವನ್ನೇ ಬದಲಿಸಿದ್ದವು. ಇಮ್ಮಡಿ ದೇವರಾಯನು ಈ ಕೊರತೆಯನ್ನು ನೀಗಲು ಮುಸಲ್ಮಾನ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡು, ಅವರಿಗೆ ಜಹಗೀರುಗಳನ್ನು ಕೊಟ್ಟು, ಮಸೀದಿ ಕಟ್ಟಿಸಿ, ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನೆಂದು ಫೆರಿಷ್ತಾ ಬರೆಯುತ್ತಾನೆ. ಹಂಪೆಯಲ್ಲಿ ದೇವರಾಯನ ಸೇವಕ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಕಟ್ಟಡವೂ ಅದರ ಶಾಸನವೂ ಇಂಥವರ ಸೇವೆಗೆ ಸಾಕ್ಷಿಯಾಗಿ ನಿಂತಿವೆ. ಕುಶಲ ಸೈನಿಕನನ್ನು ದೂರದಿಂದ ಕರೆತರಲು ಭೂಮಿಯೊಂದೇ ಸಾಲದು; ಅವನ ನಂಬಿಕೆಗೂ ಗೌರವಕ್ಕೂ ಎಡೆ ಇರಬೇಕೆಂಬುದನ್ನು ದೇವರಾಯನು ಅರಿತಿದ್ದನು. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕನು ಇನ್ನೊಂದು ಅಮೂಲ್ಯ ಸಂಗತಿಯನ್ನು ದಾಖಲಿಸಿದ್ದಾನೆ: ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ ಸಲ್ಲುತ್ತಿತ್ತು, ಪ್ರಾಂತಗಳ ಕಂದಾಯದ ಮೇಲೆ ಯಾರಿಗೂ ಹುಂಡಿ ಬರೆದುಕೊಡುತ್ತಿರಲಿಲ್ಲ. ಅರಸನ ಬೊಕ್ಕಸದಿಂದ ನೇರವಾಗಿ ಸೈನಿಕನ ಕೈಗೆ ಹಣ ಬರುವುದೆಂದರೆ ನಡುವಿನ ಕೈ ಇಲ್ಲ ಎಂದರ್ಥ.

ಸುಮಾರು ತೊಂಬತ್ತು ವರ್ಷಗಳ ತರುವಾಯ, ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಚಿತ್ರಿಸುವ ವ್ಯವಸ್ಥೆಯಲ್ಲಿ ಆ ನಡುವಿನ ಕೈ ಬಲವಾಗಿ ಮರಳಿದೆ. ಅವನ ಲೆಕ್ಕದಂತೆ ಇನ್ನೂರಕ್ಕೂ ಮಿಕ್ಕ ನಾಯಕರ ಸೀಮೆಗಳ ಒಟ್ಟು ಹುಟ್ಟುವಳಿ 120 ಲಕ್ಷ ಪರ್ದಾವೊ, ಎಂದರೆ ವರಹ. ಅದರಲ್ಲಿ 60 ಲಕ್ಷ ಅರಸನಿಗೆ. ಉಳಿದ 60 ಲಕ್ಷದಲ್ಲಿ ನಾಯಕರು ಆರು ಲಕ್ಷ ಕಾಲಾಳುಗಳನ್ನೂ 24,000 ಕುದುರೆಗಳನ್ನೂ ಸಾಕಬೇಕು. ಇದೇ ಅಮರನಾಯಕತನ. ಪ್ರವಾಸಿಗಳ ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಅವನ ಸಂಖ್ಯೆಗಳನ್ನು ಅವನ ಸಂಖ್ಯೆಗಳೊಡನೆಯೇ ತೂಗಿ ನೋಡಬಹುದು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಂಡು, ಉತ್ತಮವಾದುವನ್ನು ತಾನಿಟ್ಟುಕೊಂಡು, ನಾಡತಳಿಯ ಕುದುರೆಗಳನ್ನು ಸಾವಿರ ವರಹಕ್ಕೆ ಐದರಂತೆ ನಾಯಕರಿಗೆ ಮಾರುತ್ತಿದ್ದನೆಂದು ಅದೇ ನೂನಿಜ್ ಹೇಳುತ್ತಾನೆ. ಎಂದರೆ ಕುದುರೆಯೊಂದಕ್ಕೆ 200 ವರಹ. ಆ ದರದಲ್ಲಿ 24,000 ಕುದುರೆಗಳನ್ನು ಒಮ್ಮೆ ಕೊಳ್ಳಲು 48 ಲಕ್ಷ ಬೇಕು. ನಾಯಕರ ಕೈಯಲ್ಲಿ ಉಳಿಯುವ ಒಂದು ವರ್ಷದ ಹಣದಲ್ಲಿ ಐದರಲ್ಲಿ ನಾಲ್ಕು ಪಾಲು ಕುದುರೆಯ ಬೆಲೆಗೇ ಹೋಯಿತು. ಕುದುರೆ ಕೆಲವು ವರ್ಷ ಬಾಳುತ್ತದೆ, ನಿಜ. ಆದರೂ ಸವಾರರ ಸಂಬಳ, ಮೇವು, ಆರು ಲಕ್ಷ ಕಾಲಾಳುಗಳ ಅನ್ನ, ಆನೆಗಳ ವೆಚ್ಚ ಇವೆಲ್ಲ ಪ್ರತಿವರ್ಷವೂ ಇದ್ದೇ ಇರುವಂಥವು.

ಕರಾರು ಹೀಗಿರುವಾಗ ನಾಯಕನು ಏನು ಮಾಡಿಯಾನು? ನೂನಿಜ್ ‘ಸಲ್ವತಿನಿಕ’ ಎಂದು ಕರೆಯುವ, ಚೋಳಮಂಡಲದ ಸೀಮೆಗಳನ್ನು ಪಡೆದಿದ್ದ ಮಂತ್ರಿಯ ಉದಾಹರಣೆ ಉತ್ತರ ಕೊಡುತ್ತದೆ. ಅವನ ಹುಟ್ಟುವಳಿ 11 ಲಕ್ಷ ವರಹ. ಮೂರರಲ್ಲೊಂದು ಪಾಲು ಅರಸನಿಗೆ. ಉಳಿದುದರಲ್ಲಿ 30,000 ಕಾಲಾಳು, 3,000 ಕುದುರೆ, 30 ಆನೆಗಳನ್ನು ಸಾಕಬೇಕು. ಆದರೆ ಅವನು ಎಂದೂ ಪೂರ್ಣ ಸಂಖ್ಯೆಯನ್ನು ಇಡುತ್ತಿರಲಿಲ್ಲವೆಂದೂ, ಅದರಿಂದಲೇ ಲಾಭ ಮಾಡಿಕೊಳ್ಳುತ್ತಿದ್ದನೆಂದೂ ನೂನಿಜ್ ಸ್ಪಷ್ಟವಾಗಿ ಬರೆಯುತ್ತಾನೆ. ಅರಸನಿಗೂ ಇದು ತಿಳಿಯದ ವಿಷಯವಾಗಿರಲಾರದು. ಬೇಕೆನಿಸಿದಾಗ ಇಂಥವರ ಆಸ್ತಿಯನ್ನು ಕಿತ್ತುಕೊಳ್ಳುವ ಅಧಿಕಾರವನ್ನು ಅವನು ಉಳಿಸಿಕೊಂಡಿದ್ದನು. ಪಟ್ಟಿಯಲ್ಲಿ ಇರುವ, ಆದರೆ ರಣದಲ್ಲಿ ಇರದ ಸೈನಿಕನು ಎಲ್ಲರಿಗೂ ಅನುಕೂಲವಾದವನು. ನಾಯಕನಿಗೆ ಅವನ ಸಂಬಳ ಉಳಿಯುತ್ತದೆ. ಅರಸನಿಗೆ ಖರ್ಚಿಲ್ಲದೆ ಸೈನ್ಯದ ಲೆಕ್ಕ ದೊಡ್ಡದಾಗಿ ಕಾಣುತ್ತದೆ. ಅವನ ಅಭಾವ ತಿಳಿಯುವುದು ಯುದ್ಧದ ದಿನ ಮಾತ್ರ.

ಲೆಕ್ಕದ ಈ ಜಾಣತನದ ಎದುರಿಗೆ, ಅದಕ್ಕಿಂತ ಹಿಂದಿನ ಸಾಳುವ ನರಸಿಂಹನ ನಡೆ ನಿಲ್ಲುತ್ತದೆ. ಹೊರನಾಡಿನಿಂದ ಬರುವ ಕುದುರೆಗಳನ್ನು ಅವನು ಸತ್ತಿರಲಿ ಬದುಕಿರಲಿ ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಅದಕ್ಕೂ ಬೆಲೆ ತೆರುತ್ತಿದ್ದನೆಂದೂ ನೂನಿಜ್ ತಿಳಿಸುತ್ತಾನೆ. ದಾರಿಯ ನಷ್ಟವನ್ನು ಅರಸನು ತಾನೇ ಹೊತ್ತದ್ದರಿಂದ ವ್ಯಾಪಾರಿಗಳು ಧೈರ್ಯವಾಗಿ ಬಂದರು. ಅಪಾಯವನ್ನು ಒಡೆಯನು ಹೊತ್ತರೆ ಸೇವೆ ತಾನಾಗಿ ಹುಡುಕಿಕೊಂಡು ಬರುತ್ತದೆ. ಅಮರನಾಯಕತನದಲ್ಲಿ ಆದದ್ದು ಇದಕ್ಕೆ ವಿರುದ್ಧ. ಅರಸನ ಆದಾಯ ನಿಶ್ಚಿತ. ಬರಗಾಲ, ಕುದುರೆಯ ಸಾವು, ಬೆಲೆಯ ಏರಿಕೆ ಎಲ್ಲವೂ ನಾಯಕನ ಪಾಲಿಗೆ. ನಾಯಕನು ಆ ಭಾರವನ್ನು ಒಂದು ಕಡೆ ಸೈನಿಕನ ಮೇಲೆ, ಇನ್ನೊಂದು ಕಡೆ ರೈತನ ಮೇಲೆ ಇಳಿಸಿದನು. ರೈತರು ಬಹಳ ಕಷ್ಟಪಡುತ್ತಾರೆ, ಭೂಮಿಯನ್ನು ಹಿಡಿದವರು ದಬ್ಬಾಳಿಕೆಯವರು ಎಂಬ ನೂನಿಜ್‌ನ ಮಾತು ಈ ಲೆಕ್ಕದ ಕೊನೆಯ ಸಾಲು.

1565ರ ರಕ್ಕಸತಂಗಡಿ ಯುದ್ಧದ ಸೋಲಿಗೆ ಕಾರಣಗಳು ಹಲವು. ಅವನ್ನೆಲ್ಲ ಸಂಬಳದ ಪಟ್ಟಿಗೆ ಇಳಿಸುವುದು ಸರಿಯಲ್ಲ. ಆದರೆ ಸೋಲಿನ ನಂತರ ನಡೆದುದು ತೈಲಪನ ಕಥೆಯ ಪುನರಾವರ್ತನೆ. ಕೆಳದಿಯ ನಾಯಕರು, ಚಿತ್ರದುರ್ಗದ ಪಾಳೆಯಗಾರರು, ಮೈಸೂರಿನ ಒಡೆಯರು ತಮ್ಮ ತಮ್ಮ ಸೀಮೆಗಳಲ್ಲಿ ಕ್ರಮೇಣ ಸ್ವತಂತ್ರರಾದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡಾಗ ಅವರ ಆಳುಗಳು ಯಾವ ಋಣವನ್ನೂ ಮುರಿಯಲಿಲ್ಲ. ಅವರು ಉಂಡದ್ದು ಮೈಸೂರಿನ ಅನ್ನವನ್ನು.

ಆರೇಳು ಶತಮಾನಗಳ ಈ ಚರಿತ್ರೆಯಲ್ಲಿ ಒಂದು ನಿಯಮ ಸ್ಥಿರವಾಗಿ ಕಾಣುತ್ತದೆ. ಸೈನಿಕನ ನಿಷ್ಠೆ ಅವನಿಗೆ ಉಣಬಡಿಸಿದ ಕೈಯವರೆಗೆ ಹೋಗುತ್ತದೆ, ಅದರಾಚೆಗೆ ಹೋಗುವುದು ಅಪರೂಪ. ಖರ್ಚನ್ನು ಇನ್ನೊಬ್ಬರಿಗೆ ಒಪ್ಪಿಸಿದ ಅರಸನು ನಿಷ್ಠೆಯನ್ನೂ ಅವರಿಗೇ ಒಪ್ಪಿಸಿದನು. ‘ಜೋಳದ ಪಾೞಿ’ ಎಂಬ ಪದವನ್ನು ಕಟ್ಟಿದ ಜನಕ್ಕೆ ಇದು ತಿಳಿದಿತ್ತು. ಪದದೊಳಗೇ ಅದನ್ನು ಇಟ್ಟಿದ್ದಾರೆ. ಹಾಗೆಂದು ಭಟನ ತ್ಯಾಗವನ್ನು ಕೂಲಿಯ ಲೆಕ್ಕಕ್ಕೆ ಇಳಿಸಬೇಕೆಂದಲ್ಲ. ಯಾವ ಜೋಳವೂ ಒಂದು ಜೀವದ ಬೆಲೆಗೆ ಸಮನಲ್ಲ. ಕೊಟ್ಟದ್ದಕ್ಕಿಂತ ಬಹಳ ಹೆಚ್ಚನ್ನು ಅವನು ಹಿಂದಿರುಗಿಸಿದನು ಎಂಬುದರಲ್ಲಿಯೇ ಅವನ ಹಿರಿಮೆಯಿದೆ. ಪ್ರಶ್ನೆ ಇರುವುದು ಪಡೆದವರ ಕಡೆ. ವೀರಗಲ್ಲುಗಳನ್ನು ಅಭ್ಯಾಸ ಮಾಡುವವರು ಕಾಳಗದ ಪಟ್ಟಿಕೆಯನ್ನೂ ಸ್ವರ್ಗದ ಪಟ್ಟಿಕೆಯನ್ನೂ ನೋಡಿದ ಮೇಲೆ ಬರಹದ ಕೊನೆಯ ಸಾಲಿಗೆ ಬರಬೇಕು. ಎಷ್ಟು ಮತ್ತರು, ಯಾವ ಹೊಲ, ಯಾರಿಗೆ, ಎಷ್ಟು ಕಾಲ ಎಂಬ ವಿವರ ಅಲ್ಲಿರುತ್ತದೆ. ಕೆಲವು ಕಲ್ಲುಗಳಲ್ಲಿ ಆ ಸಾಲು ಇರುವುದೇ ಇಲ್ಲ. ಸತ್ತವನ ಹೆಸರು, ಅವನು ಸತ್ತ ರೀತಿ, ಅಷ್ಟಕ್ಕೇ ಬರಹ ಮುಗಿದಿರುತ್ತದೆ. ಆ ಮನೆಗಳಿಗೆ ಏನು ದೊರೆಯಿತು ಎಂಬ ಪ್ರಶ್ನೆಯನ್ನು ಕೇಳುವುದೂ ಸಾಹಿತ್ಯದ ಅಭ್ಯಾಸಕ್ಕೆ ಸೇರಿದ ಕೆಲಸವೇ.